ಕೂಗಳತೆಯ ಆಚೆಗೊಂದು ಕೂಗು

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ದೂರ ಹೇಳುವುದಕ್ಕೆ ಮೈಲಿಕಲ್ಲು ಬೇಕಾಗಿರಲಿಲ್ಲ. ‘ಇಲ್ಲೇ ಕೂಗಳತೇಲೈತೆ’ ಎಂದರೆ ಕೇಳಿದವನಿಗೆ ತಿಳಿಯುತ್ತಿತ್ತು. ಒಬ್ಬ ನಿಂತಲ್ಲಿಂದ ಗಟ್ಟಿಯಾಗಿ ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು ದೂರ ಎಂದು ಅದರ ಅರ್ಥ. ನಡುವೆ ದಿಣ್ಣೆ ಬಂದರೆ ಈ ಅಳತೆ ಕುಗ್ಗುತ್ತದೆ, ಗಾಳಿ ಅನುಕೂಲವಾಗಿದ್ದರೆ ಹಿಗ್ಗುತ್ತದೆ, ಕೂಗುವವನು ಗುಡ್ಡ ಹತ್ತಿ ನಿಂತರೆ ಮತ್ತಷ್ಟು ಹಿಗ್ಗುತ್ತದೆ. ವಿಚಿತ್ರವೆಂದರೆ, ಕೈಯಲ್ಲಿ ಪುಟ್ಟ ರೇಡಿಯೋ ಹಿಡಿದು ಮಾತಾಡುವ ಹವ್ಯಾಸಿಗಳ ಲೋಕವೂ ಇದೇ ಅಳತೆಯಲ್ಲಿ ನಡೆಯುತ್ತದೆ. ಅವರ ಕೂಗಳತೆಯನ್ನು ಹಿಗ್ಗಿಸಲು ಮೊದಲು ಬೆಟ್ಟಗಳು ನೆರವಾದವು. ಆಮೇಲೆ ಕಂಪ್ಯೂಟರ್ ಬಂತು. ಬೆಟ್ಟಕ್ಕೂ ಕಂಪ್ಯೂಟರಿಗೂ ಗಂಟು ಹಾಕುವ ತಂತ್ರಾಂಶವನ್ನು ಬರೆದವರೂ ಬಹುಪಾಲು ಹವ್ಯಾಸಿಗಳೇ.

ಇವರಿಗೆ ‘ಹ್ಯಾಮ್’ ಎಂಬ ಅಡ್ಡಹೆಸರು ಪ್ರಪಂಚದಾದ್ಯಂತ ರೂಢಿಯಲ್ಲಿದೆ. ಇವರು ಆಕಾಶವಾಣಿಯ ಪ್ರಸಾರಕರಲ್ಲ, ಪೊಲೀಸ್ ವೈರ್‌ಲೆಸ್ಸಿನವರೂ ಅಲ್ಲ. ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆಯಲ್ಲಿ ಪಾಸಾಗಿ, ಪರವಾನಗಿಯನ್ನೂ ಒಂದು ಕರೆಸಂಕೇತವನ್ನೂ ಪಡೆದು, ಸ್ವಂತ ರೇಡಿಯೋದಿಂದ ಮಾತಾಡುವ ಸಾಮಾನ್ಯ ಜನ. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಈ ಬಳಗದವರೇ. ಅವರ ಕರೆಸಂಕೇತ ವಿಯು2ಆರ್‌ಜಿ. ಈ ಹವ್ಯಾಸಕ್ಕೆ ಕೆಲವು ಕಟ್ಟಳೆಗಳಿವೆ. ವ್ಯಾಪಾರದ ಮಾತು ಕೂಡದು. ಗುಟ್ಟಿನ ಸಂಕೇತದಲ್ಲಿ ಮಾತಾಡುವುದೂ ಕೂಡದು. ಆಡಿದ ಮಾತು ಯಾರಿಗೆ ಬೇಕಾದರೂ ಕೇಳಿಸುವಂತಿರಬೇಕು. ಈ ಎರಡನೆಯ ಕಟ್ಟಳೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು, ಮುಂದೆ ಅದು ಉಪಯೋಗಕ್ಕೆ ಬರುತ್ತದೆ.

ಹ್ಯಾಮ್‌ಗಳ ಕೈರೇಡಿಯೋಗಳು ಹೆಚ್ಚಾಗಿ 144ರಿಂದ 146 ಮೆಗಾಹರ್ಟ್ಸ್ ನಡುವಿನ ತರಂಗಗಳನ್ನು ಬಳಸುತ್ತವೆ. ಇವು ಬೆಳಕಿನಂತೆ ಬಹುಮಟ್ಟಿಗೆ ನೇರ ದಾರಿ ಹಿಡಿಯುವ ತರಂಗಗಳು. ಭೂಮಿ ಗುಂಡಗಿರುವುದರಿಂದ ಸ್ವಲ್ಪ ದೂರದಲ್ಲೇ ನೆಲ ಅಡ್ಡ ಬರುತ್ತದೆ. ಎಷ್ಟು ದೂರದಲ್ಲಿ ಎಂಬುದಕ್ಕೆ ಸುಲಭದ ಲೆಕ್ಕವೊಂದಿದೆ: ಏರಿಯಲ್ಲಿನ ಎತ್ತರವನ್ನು ಮೀಟರುಗಳಲ್ಲಿ ಅಳೆದು, ಅದರ ವರ್ಗಮೂಲವನ್ನು ನಾಲ್ಕಕ್ಕಿಂತ ತುಸು ಹೆಚ್ಚಿನ ಸಂಖ್ಯೆಯಿಂದ ಗುಣಿಸಿದರೆ ಬರುವ ಕಿಲೋಮೀಟರುಗಳೇ ರೇಡಿಯೋ ದಿಗಂತ. ನೆಲದ ಮೇಲೆ ನಿಂತವನ ಕೈರೇಡಿಯೋ ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ ಎನ್ನಿ. ಅವನ ದಿಗಂತ 5 ಕಿಲೋಮೀಟರು. ಎದುರಿನವನದೂ ಅಷ್ಟೇ. ಇಬ್ಬರದೂ ಸೇರಿ 10 ಕಿಲೋಮೀಟರು, ಅದೂ ನಡುವೆ ತೆಂಗಿನ ತೋಟ, ಮನೆ, ಏರಿ ಯಾವುದೂ ಇಲ್ಲದ ಬಯಲಾದರೆ. ಅದೇ ಸುತ್ತಲಿಗಿಂತ ನೂರು ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲೊಂದು ಏರಿಯಲ್ ನಿಲ್ಲಿಸಿದರೆ ಅದರ ದಿಗಂತ 41 ಕಿಲೋಮೀಟರಿಗೆ ಹಾರುತ್ತದೆ. ರೇಡಿಯೋದ ಶಕ್ತಿಯನ್ನು ಹತ್ತು ಪಟ್ಟು ಹೆಚ್ಚಿಸಿ ಪಡೆಯಲಾಗದ್ದನ್ನು ಒಂದು ಗುಡ್ಡ ಪುಕ್ಕಟೆಯಾಗಿ ಕೊಡುತ್ತದೆ.

ಗುಡ್ಡದ ಮೇಲೆ ನಿಲ್ಲಿಸುವ ಈ ಯಂತ್ರವೇ ರಿಪೀಟರ್. ಕೆಳಗಿನವನ ಕೂಗು ಕೇಳಿಸಿಕೊಂಡು ಅದನ್ನೇ ಗಟ್ಟಿಯಾಗಿ ಮತ್ತೆ ಕೂಗುವ, ಬೆಟ್ಟದ ನೆತ್ತಿಯ ಕಾವಲುಗಾರನಿದ್ದಂತೆ. ಕಾವಲುಗಾರನಾದರೋ ಮೊದಲು ಕೇಳಿಸಿಕೊಂಡು ಆಮೇಲೆ ಕೂಗುತ್ತಾನೆ; ರಿಪೀಟರ್ ಕೇಳುತ್ತಲೇ ಕೂಗುತ್ತದೆ. ತನ್ನದೇ ಕೂಗು ತನ್ನ ಕಿವಿಯನ್ನು ಕಿವುಡಾಗಿಸಬಾರದಲ್ಲ? ಅದಕ್ಕಾಗಿ ಒಂದು ಕಂಪನಾಂಕದಲ್ಲಿ ಕೇಳುತ್ತದೆ, 600 ಕಿಲೋಹರ್ಟ್ಸ್ ಆಚೆಯ ಇನ್ನೊಂದರಲ್ಲಿ ಕೂಗುತ್ತದೆ. ಹಾಗಿದ್ದೂ ಒಂದೇ ಏರಿಯಲ್ಲಿನಲ್ಲಿ ಎರಡನ್ನೂ ಬೇರ್ಪಡಿಸಿ ಇಡಲು ಕೊಳವೆಯಂಥ ದೊಡ್ಡ ಲೋಹದ ಡಬ್ಬಿಗಳ ಸಾಲೇ ಬೇಕಾಗುತ್ತದೆ. ರಿಪೀಟರ್ ಕಟ್ಟುವವರಿಗೆ ತಲೆನೋವು ತರುವ ಭಾಗ ಇದೇ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ನಕ್ಷೆಯನ್ನು ಹರಡಿಕೊಂಡು ಕುಳಿತರೆ ಈ ವಿದ್ಯೆಯ ಇಡೀ ಪಾಠ ಅಲ್ಲೇ ಸಿಗುತ್ತದೆ. ಶ್ರೀರಂಗಪಟ್ಟಣ ಕಾವೇರಿಯ ನಡುವಿನ ತಗ್ಗು. ಪಕ್ಕದಲ್ಲಿ ಕರಿಘಟ್ಟ. 1792ರ ಫೆಬ್ರುವರಿಯ ಯುದ್ಧದಲ್ಲಿ ಟಿಪ್ಪುವಿನ ಸೇನೆಯೂ ಇಂಗ್ಲಿಷರ ಸೇನೆಯೂ ಆ ಗುಡ್ಡಕ್ಕಾಗಿ ಸೆಣಸಿದ್ದು ಸುಮ್ಮನೆ ಅಲ್ಲ. ಅದರ ಮೇಲಿದ್ದವನಿಗೆ ಪಟ್ಟಣವೂ ಹೊಳೆಯೂ ಕಾಣುತ್ತಿದ್ದವು. ಯುದ್ಧಕ್ಕೆ ಬೇಕಾಗಿದ್ದ ನೇರ ನೋಟವೇ ರೇಡಿಯೋಗೂ ಬೇಕು. ಇನ್ನಷ್ಟು ಉತ್ತರಕ್ಕೆ ಪಾಂಡವಪುರ. ಹೈದರ್–ಟಿಪ್ಪು ಕಾಲದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಹೊತ್ತಿದ್ದ ಊರು. ಅದರ ಬಗಲಿಗೆ ಕುಂತಿಬೆಟ್ಟದ ಬಂಡೆಗಳು. ಅಲ್ಲಿಂದ ಮುಂದೆ ಮೇಲುಕೋಟೆಯ ಸಾಲು. ಆ ಸಾಲಿನ ಪಶ್ಚಿಮಕ್ಕೆ ಹೇಮಾವತಿಯ ಬಯಲಿನ ಕೆ.ಆರ್. ಪೇಟೆ, ಉತ್ತರಕ್ಕೆ ಒಣಭೂಮಿಯ ನಾಗಮಂಗಲ. ಹಕ್ಕಿ ಹಾರುವ ದಾರಿಯಲ್ಲಿ ಅಳೆದರೆ ನಾಲ್ಕು ಊರುಗಳೂ ಮೇಲುಕೋಟೆಯಿಂದ ಮೂವತ್ತು ಕಿಲೋಮೀಟರಿನ ಒಳಗೇ ಇವೆ.

ಹಾಗಾದರೆ ಮೇಲುಕೋಟೆಯ ನೆತ್ತಿಯಲ್ಲೊಂದು ರಿಪೀಟರ್ ನಿಲ್ಲಿಸಿದರೆ ಮುಗಿಯಿತಲ್ಲ? ಕಾಗದದ ಮೇಲೆ ಮುಗಿಯಿತು. ಆದರೆ ಅಲ್ಲಿ ಚೆಲುವನಾರಾಯಣನ, ಯೋಗಾನರಸಿಂಹನ ಗುಡಿಗಳಿವೆ. ಸುತ್ತ ತೋಳಗಳಿಗಾಗಿ ಕಾದಿಟ್ಟ ವನ್ಯಧಾಮವಿದೆ. ನಕ್ಷೆ ತೋರಿಸಿದಲ್ಲೆಲ್ಲ ಗೋಪುರ ಎಬ್ಬಿಸಲು ಆಗುವುದಿಲ್ಲ, ಆಗಬಾರದು ಕೂಡ. ಎರಡನೆಯದಾಗಿ, ಬೆಟ್ಟಕ್ಕೆ ನೆರಳೂ ಇರುತ್ತದೆ. ಬುಡದ ಹಳ್ಳಿಗಳಲ್ಲಿ, ಹಳ್ಳದ ದಾರಿಗಳಲ್ಲಿ ನಿಂತವನಿಗೆ ರಿಪೀಟರಿನ ಕೂಗು ಕೇಳಿಸಿದರೂ ಅವನ ಕೈರೇಡಿಯೋದ ಸಣ್ಣ ದನಿ ಮೇಲಕ್ಕೆ ಮುಟ್ಟುವುದಿಲ್ಲ. ಮೂರನೆಯದು, ನಾಗಮಂಗಲದವನು ಬೆಂಗಳೂರಿನವನೊಡನೆ ಮಾತಾಡಬೇಕೆಂದರೆ ಒಂದು ಬೆಟ್ಟ ಸಾಲದು. ಒಂದು ರಿಪೀಟರನ್ನು ಇನ್ನೊಂದಕ್ಕೆ ಕೊಂಡಿ ಹಾಕಲೇಬೇಕು.

ಕೊಂಡಿ ಹಾಕುವ ಹಂಬಲಕ್ಕೆ ಈ ಸೀಮೆಯಲ್ಲಿ ಹಳೆಯ ಚರಿತ್ರೆಯಿದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಕೇವಲ 30 ವ್ಯಾಟಿನ ಪ್ರೇಷಕವೊಂದನ್ನು ಇಟ್ಟುಕೊಂಡು ಪ್ರಸಾರ ಆರಂಭಿಸಿದರು. ಒಂದು ಹಳೆಯ ಬಲ್ಬು ಉರಿಯಲು ಬೇಕಾಗುವ ವಿದ್ಯುತ್ತಿಗಿಂತ ಅದು ಹೆಚ್ಚೇನಲ್ಲ. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರಾಯಿತು; ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂದು ಹೇಳುವವರೂ ಇದ್ದಾರೆ. ಮುಂದೆ 250 ವ್ಯಾಟಿಗೆ ಬೆಳೆದ ಆ ನಿಲಯವನ್ನು 1940ರ ದಶಕದ ಆರಂಭದಲ್ಲಿ ಸಂಸ್ಥಾನ ವಹಿಸಿಕೊಂಡಿತು, ಸ್ವಾತಂತ್ರ್ಯದ ನಂತರ ಕೇಂದ್ರ ಸರ್ಕಾರಕ್ಕೆ ಹೋಯಿತು. ಅದು ಹ್ಯಾಮ್‌ಗಳ ಎದುರುಬದುರು ಮಾತುಕತೆಯಲ್ಲ, ಏಕಮುಖ ಪ್ರಸಾರ, ನಿಜ. ಆದರೆ ಸಂಬಳಕ್ಕಲ್ಲದೆ ಹುಚ್ಚಿಗಾಗಿ ರೇಡಿಯೋ ಕಟ್ಟುವ ಗುಣ ಎರಡರಲ್ಲೂ ಒಂದೇ. ಬೆಂಗಳೂರಿನಲ್ಲಿ ಹ್ಯಾಮ್‌ಗಳ ಕ್ಲಬ್ಬು 1959ರಷ್ಟು ಹಿಂದೆಯೇ ಹುಟ್ಟಿಕೊಂಡಿತು.

ಕೊಂಡಿಯ ಅತಿ ಎತ್ತರದ ಪ್ರಯೋಗವೂ ಬೆಂಗಳೂರಿನದೇ. ಇಲ್ಲಿ ಇಸ್ರೋ ಕಟ್ಟಿದ ‘ಹ್ಯಾಮ್‌ಸ್ಯಾಟ್’ ಎಂಬ ನಲವತ್ತೆರಡೂವರೆ ಕಿಲೋ ತೂಕದ ಉಪಗ್ರಹ 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಕಾರ್ಟೋಸ್ಯಾಟ್-1ರ ಜೊತೆ ಹಾರಿತು. ಅದರೊಳಗೆ ಹವ್ಯಾಸಿಗಳಿಗಾಗಿಯೇ ಎರಡು ಮರುಪ್ರಸಾರ ಯಂತ್ರಗಳು: ಒಂದು ಭಾರತದ್ದು, ಇನ್ನೊಂದು ಡಚ್ ಹವ್ಯಾಸಿಯೊಬ್ಬರು ಮಾಡಿಕೊಟ್ಟದ್ದು. ಆಕಾಶವೇ ಬೆಟ್ಟವಾದಂತಾಯಿತು. 2014ರವರೆಗೂ ಅದು ದುಡಿಯಿತು. ಆದರೆ ಅಷ್ಟು ಕೆಳಗಿನ ಕಕ್ಷೆಯ ಉಪಗ್ರಹ ಒಂದು ಊರಿನ ನೆತ್ತಿಯ ಮೇಲೆ ಇರುವುದು ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಮಾತ್ರ. ಅಷ್ಟರಲ್ಲಿ ಕುಶಲಪ್ರಶ್ನೆ ಮುಗಿಸಬೇಕು. ಇಪ್ಪತ್ತನಾಲ್ಕು ಗಂಟೆಯ ಕೊಂಡಿ ಬೇಕಾದವರು ನೆಲದ ಮೇಲೆಯೇ ದಾರಿ ಹುಡುಕಬೇಕಾಯಿತು.

ಆ ದಾರಿ ಇಂಟರ್‌ನೆಟ್. 1997ರಲ್ಲಿ ಕೆನಡಾದ ವ್ಯಾಂಕೂವರಿನ ಡೇವಿಡ್ ಕ್ಯಾಮರಾನ್ ಎಂಬ ಹ್ಯಾಮ್, ದೂರದ ರಿಪೀಟರುಗಳನ್ನು ಅಂತರಜಾಲದ ಮೂಲಕ ಜೋಡಿಸುವ ಯೋಜನೆಯೊಂದನ್ನು ಆರಂಭಿಸಿ, ಮುಂದೆ ಅದನ್ನು ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯ ಮೇಲೆ ನೆಲೆ ನಿಲ್ಲಿಸಿದರು. ಐದು ವರ್ಷ ಕಳೆದು, 2002ರಲ್ಲಿ, ಅಮೆರಿಕದ ಜೊನಾಥನ್ ಟೇಲರ್ ‘ಎಕೋಲಿಂಕ್’ ಎಂಬ ತಂತ್ರಾಂಶವನ್ನು ಬಿಟ್ಟರು. ಅದು ಪುಕ್ಕಟೆ, ಬಳಕೆಗೆ ಸುಲಭ, ಹಾಗಾಗಿ ಹಬ್ಬಿತು. ಆದರೆ ಅದರ ಮೂಲ ಬರಹ, ಅಂದರೆ ಪ್ರೋಗ್ರಾಮಿನ ಒಳಗಿನ ಸಾಲುಗಳು, ಯಾರಿಗೂ ಕಾಣುತ್ತಿರಲಿಲ್ಲ.

ಈ ತಂತ್ರಾಂಶಗಳು ಮಾಡುವುದೇನು? ಕೆಲಸ ಕೇಳಲು ಸರಳ. ರಿಪೀಟರಿನ ಕಿವಿಗೆ ಬಿದ್ದ ಮಾತನ್ನು ಕಂಪ್ಯೂಟರಿನ ಧ್ವನಿ ಕಾರ್ಡು ಸೆಕೆಂಡಿಗೆ 8,000 ಸಲ ಅಳೆದು ಅಂಕಿಗಳಾಗಿ ಮಾಡುತ್ತದೆ. ಒಂದೊಂದು ಅಳತೆಗೂ 16 ಬಿಟ್. ಒಟ್ಟು ಸೆಕೆಂಡಿಗೆ 1,28,000 ಬಿಟ್. ಹಳೆಯ ದೂರವಾಣಿ ತಂತಿಯ ಇಂಟರ್‌ನೆಟ್ಟಿಗೆ ಇದು ಆನೆಯ ಹೊರೆ. ಆದ್ದರಿಂದ ಮಾತನ್ನು ಹಿಂಡಬೇಕು. ಮೊದಲ ಮೊಬೈಲ್ ಫೋನುಗಳು ಬಳಸುತ್ತಿದ್ದ ವಿಧಾನದಿಂದಲೇ ಎಕೋಲಿಂಕ್ ಅದನ್ನು ಹತ್ತರಲ್ಲೊಂದು ಭಾಗಕ್ಕೆ, ಅಂದರೆ 13,000 ಬಿಟ್ಟಿನ ಆಸುಪಾಸಿಗೆ ಇಳಿಸುತ್ತದೆ. ಹಿಂಡಿದ ಮಾತನ್ನು ಚೂರು ಚೂರಾಗಿ ಕತ್ತರಿಸಿ, ಒಂದೊಂದಕ್ಕೂ ವಿಳಾಸ ಬರೆದು, ಜಾಲಕ್ಕೆ ಎಸೆಯುವುದು. ದಾರಿಯಲ್ಲಿ ಕೆಲವು ಚೂರು ಬೇಗ ಬರುತ್ತವೆ, ಕೆಲವು ತಡವಾಗಿ, ಕೆಲವು ಬರುವುದೇ ಇಲ್ಲ. ಕಳೆದುಹೋದ ಚೂರನ್ನು ಮತ್ತೆ ಕಳಿಸೆಂದು ಕೇಳುವುದಿಲ್ಲ. ಮಾತು ಮುಗಿದ ಮೇಲೆ ಬಂದ ಅಕ್ಷರ ಯಾರಿಗೆ ಬೇಕು? ತಡವಾದವಕ್ಕಾಗಿ ಮಾತ್ರ ಆ ತುದಿಯಲ್ಲಿ ಒಂದು ಸಣ್ಣ ಜಗುಲಿ ಇರುತ್ತದೆ. ಬಂದ ಚೂರುಗಳು ಅಲ್ಲಿ ಕ್ಷಣಕಾಲ ಕುಳಿತು, ಸಾಲಾಗಿ ಒಳಗೆ ಹೋಗುತ್ತವೆ. ಒಡನೆಯೇ ತಂತ್ರಾಂಶ ಆ ಊರಿನ ರಿಪೀಟರಿನ ಪ್ರೇಷಕದ ಗುಂಡಿ ಒತ್ತುತ್ತದೆ. ಮಾತು ಮತ್ತೆ ಗಾಳಿಗೇರುತ್ತದೆ.

ತೊಡಕೆಲ್ಲ ಇರುವುದು ಇದರ ಸಂದುಗಳಲ್ಲಿ. ಗುಂಡಿ ಒತ್ತಿದ ಕೂಡಲೇ ಮಾತಾಡಿದರೆ ಮೊದಲ ಅಕ್ಷರಗಳು ಕೊಚ್ಚಿಹೋಗುತ್ತವೆ, ಏಕೆಂದರೆ ಈ ತುದಿಯ ಕಿವಿ ತೆರೆಯಲು, ಜಾಲ ದಾಟಲು, ಆ ತುದಿಯ ಬಾಯಿ ಬಿಚ್ಚಲು ಒಂದಿಷ್ಟು ಹೊತ್ತು ಹಿಡಿಯುತ್ತದೆ. ‘ನಾಗಮಂಗಲ’ ಎಂದದ್ದು ಆಚೆಗೆ ‘ಮಂಗಲ’ವಾಗಿ ಕೇಳುತ್ತದೆ. ಅದಕ್ಕೇ ಗುಂಡಿ ಒತ್ತಿ, ಒಂದು ಉಸಿರು ತಡೆದು, ಆಮೇಲೆ ಮಾತಾಡುವುದು ಇವರ ಶಿಷ್ಟಾಚಾರ. ಇನ್ನೊಂದು ತೊಡಕು ಚೆಂಡಾಟದ್ದು. ಒಬ್ಬನ ಮಾತು ಮುಗಿದ ಮೇಲೂ ರಿಪೀಟರ್ ಒಂದೆರಡು ಸೆಕೆಂಡು ಪ್ರಸಾರ ನಿಲ್ಲಿಸುವುದಿಲ್ಲ, ಕೊನೆಗೊಂದು ‘ಬೀಪ್’ ಎನ್ನುತ್ತದೆ. ಈ ಬಾಲವನ್ನೂ ಮಾತೆಂದೇ ತಿಳಿದು ಕೊಂಡಿಯ ತಂತ್ರಾಂಶ ಆ ಊರಿಗೆ ಸಾಗಿಸಿತೆನ್ನಿ. ಆ ರಿಪೀಟರ್ ತನ್ನ ಬಾಲವನ್ನು ಸೇರಿಸಿ ವಾಪಸ್ಸು ಕಳಿಸುತ್ತದೆ. ಮನುಷ್ಯರೆಲ್ಲ ಸುಮ್ಮನಾದ ಮೇಲೂ ಎರಡು ಬೆಟ್ಟಗಳು ರಾತ್ರಿಯಿಡೀ ಒಂದಕ್ಕೊಂದು ‘ಬೀಪ್’ ಎನ್ನುತ್ತ ಕೂರುತ್ತವೆ. ಬಾಲ ಯಾವುದು ಮಾತು ಯಾವುದು ಎಂದು ತಂತ್ರಾಂಶಕ್ಕೆ ಕಲಿಸುವುದೇ ಅರ್ಧ ಕೆಲಸ.

ಇನ್ನು, ಬೆಟ್ಟದ ಮೇಲಿನ ಕಂಪ್ಯೂಟರಿಗೆ ಅಪ್ಪಣೆ ಕೊಡುವುದು ಹೇಗೆ? ಅಲ್ಲಿ ಕೀಲಿಮಣೆಯ ಮುಂದೆ ಯಾರೂ ಕುಳಿತಿರುವುದಿಲ್ಲ. ಕೈರೇಡಿಯೋದ ಮೇಲಿನ ಅಂಕಿಗಳೇ ಸಾಕು. 5ನ್ನು ಒತ್ತಿದರೆ 770 ಮತ್ತು 1336 ಹರ್ಟ್ಸ್‌ನ ಎರಡು ಸ್ವರಗಳು ಒಟ್ಟಿಗೆ ನುಡಿಯುತ್ತವೆ. ಒಂದೊಂದು ಅಂಕಿಗೂ ಅಂಥದೊಂದು ಜೋಡಿ. ತಂತ್ರಾಂಶ ಈ ಜೋಡಿಸ್ವರವನ್ನು ಗುರುತಿಸಿ ‘ಇಂಥ ಊರಿಗೆ ಕೊಂಡಿ ಹಾಕು’, ‘ಬಿಡಿಸು’ ಎಂಬ ಆಜ್ಞೆಯಾಗಿ ಓದಿಕೊಳ್ಳುತ್ತದೆ. ಎರಡು ಸ್ವರ ಏಕೆಂದರೆ, ಮನುಷ್ಯನ ಮಾತಿನಲ್ಲಿ ಅಕಸ್ಮಾತ್ತಾಗಿ ಒಂದು ಸ್ವರ ಬಂದೀತು, ನಿಖರವಾದ ಜೋಡಿ ಬರುವುದು ಅಪರೂಪ.

ಇಷ್ಟೆಲ್ಲ ಮುಚ್ಚಿದ ಪೆಟ್ಟಿಗೆಯೊಳಗೆ ನಡೆದರೇನು ನಷ್ಟ ಎಂದು ಕೇಳಬಹುದು. ಹ್ಯಾಮ್‌ಗಳಿಗೆ ಅದು ಸ್ವಭಾವಕ್ಕೇ ಒಗ್ಗದ ಸಂಗತಿ. ಪೆಟ್ಟಿಗೆ ಬಿಚ್ಚುವುದೇ ಅವರ ಹವ್ಯಾಸ. ಸ್ವೀಡನ್ನಿನ ಟೋಬಿಯಾಸ್ ಬ್ಲೊಂಬರ್ಗ್ 2003ರ ಸುಮಾರಿಗೆ ಲಿನಕ್ಸಿನ ಮೇಲೆ ‘ಎಸ್‌ವಿಎಕ್ಸ್‌ಲಿಂಕ್’ ಎಂಬ ತಂತ್ರಾಂಶ ಬರೆಯತೊಡಗಿದರು. ಹೆಸರಿನಲ್ಲಿರುವುದು ಅವರದೇ ಕರೆಸಂಕೇತದ ಬಾಲ. ಅದು ರಿಪೀಟರನ್ನೂ ಆಳುತ್ತದೆ, ಎಕೋಲಿಂಕಿನ ಭಾಷೆಯನ್ನೂ ಆಡುತ್ತದೆ. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ತೆರೆದೇ ಇಡಬೇಕೆಂಬ ಷರತ್ತಿನ ಮೇಲೆ. ಅದರೊಳಗೆ ‘ಗಿಳಿ’ ಎಂಬ ಒಂದು ಅಂಗವಿದೆ. ನೀವು ಆಡಿದ್ದನ್ನು ಅದು ನಿಮಗೇ ತಿರುಗಿ ಒಪ್ಪಿಸುತ್ತದೆ. ತನ್ನ ದನಿ ಬೆಟ್ಟಕ್ಕೆ ಹೇಗೆ ಕೇಳಿಸುತ್ತಿದೆ ಎಂದು ತಿಳಿಯಲು ಇದಕ್ಕಿಂತ ಸುಲಭದ ಉಪಾಯವಿಲ್ಲ.

ಇನ್ನೊಂದು ಕವಲು ಅಮೆರಿಕದ್ದು, ಅದರ ಕಥೆ ಹೆಚ್ಚು ರಂಗಿನದು. ಜಿಮ್ ಡಿಕ್ಸನ್ ಎಂಬ ಹ್ಯಾಮ್‌ಗೆ ದೂರವಾಣಿ ವಿನಿಮಯ ಕೇಂದ್ರಗಳ ಯಂತ್ರಗಳು ಅನ್ಯಾಯದ ಬೆಲೆಯವು ಅನ್ನಿಸಿತ್ತು. ಅವುಗಳೊಳಗಿನ ದುಬಾರಿ ಚಿಪ್ಪುಗಳು ಮಾಡುವ ಲೆಕ್ಕವನ್ನು ಮೇಜಿನ ಮೇಲಿನ ಸಾಮಾನ್ಯ ಕಂಪ್ಯೂಟರೇ ಮಾಡಬಲ್ಲದು ಎಂದು ತೋರಿಸಿ, ಒಂದು ಅಗ್ಗದ ಕಾರ್ಡನ್ನು ವಿನ್ಯಾಸ ಮಾಡಿ, ಅದರ ನಕ್ಷೆಯನ್ನು ಜಗತ್ತಿಗೆ ಬಿಟ್ಟುಕೊಟ್ಟರು. ಯೋಜನೆಗೆ ಇಟ್ಟ ಹೆಸರು ‘ಜಪಾಟಾ’, ಮೆಕ್ಸಿಕೋದ ರೈತ ಕ್ರಾಂತಿಯ ನಾಯಕನದು. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ತರುಣ ಆರಂಭಿಸಿದ ‘ಆಸ್ಟೆರಿಸ್ಕ್’ ಎಂಬ ಮುಕ್ತ ದೂರವಾಣಿ ತಂತ್ರಾಂಶಕ್ಕೆ ಇದು ಕೈಜೋಡಿಸಿತು. ಕಚೇರಿಗೆ ಫೋನ್ ಮಾಡಿದಾಗ ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎನ್ನುವಂಥ ದನಿಗಳ ಹಿಂದೆ ಎಷ್ಟೋ ಕಡೆ ದುಡಿಯುವುದು ಇದೇ ಆಸ್ಟೆರಿಸ್ಕ್. ಡಿಕ್ಸನ್ ಅದರೊಳಗೆ ರಿಪೀಟರುಗಳಿಗಾಗಿ ಒಂದು ಭಾಗ ಬರೆದು ಸೇರಿಸಿದರು. ಅದೇ ಇಂದಿನ ‘ಆಲ್‌ಸ್ಟಾರ್‌ಲಿಂಕ್’ ಜಾಲದ ಬೇರು. ರೇಡಿಯೋ ಹುಚ್ಚಿನವನೊಬ್ಬನ ಕೆಲಸ ಟೆಲಿಫೋನ್ ಉದ್ಯಮಕ್ಕೇ ದಾರಿಯಾದದ್ದು ಹೀಗೆ.

ತೆರೆದ ಬರಹದಿಂದ ನಮ್ಮ ನಾಲ್ಕು ತಾಲ್ಲೂಕಿಗೆ ಏನು ಲಾಭ? ಮೇಲುಕೋಟೆಯ ನೆತ್ತಿಗೆ ಹೋಗಲಾಗದ ಸಂದರ್ಭವನ್ನೇ ತೆಗೆದುಕೊಳ್ಳಿ. ಎಸ್‌ವಿಎಕ್ಸ್‌ಲಿಂಕಿನಲ್ಲಿ ಒಂದು ಪ್ರೇಷಕಕ್ಕೆ ಹಲವು ಕಿವಿಗಳನ್ನು ಜೋಡಿಸಬಹುದು. ಪಾಂಡವಪುರದಲ್ಲೊಂದು, ಕೆ.ಆರ್. ಪೇಟೆಯಲ್ಲೊಂದು, ನಾಗಮಂಗಲದಲ್ಲೊಂದು, ಶ್ರೀರಂಗಪಟ್ಟಣದಲ್ಲೊಂದು ಮನೆಯ ಮಾಳಿಗೆಯ ಮೇಲೆ ಗ್ರಾಹಕ ಯಂತ್ರ ಇಟ್ಟು, ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರನ್ನು ಪಕ್ಕಕ್ಕಿರಿಸಿದರೆ, ಒಬ್ಬನ ದನಿ ನಾಲ್ಕರಲ್ಲಿ ಎಲ್ಲಿ ಚೆನ್ನಾಗಿ ಕೇಳಿಸುತ್ತದೆಯೋ ಅದನ್ನೇ ತಂತ್ರಾಂಶ ಆರಿಸಿಕೊಳ್ಳುತ್ತದೆ. ಆರಿಸುವ ಬಗೆಯೂ ಸೊಗಸಾಗಿದೆ. ಎಫ್.ಎಂ. ಗ್ರಾಹಕಕ್ಕೆ ಬರುವ ಸಂಕೇತ ದುರ್ಬಲವಾದಷ್ಟೂ ‘ಉಸ್’ ಎಂಬ ಸದ್ದು ಹೆಚ್ಚು. ಮನುಷ್ಯನ ಮಾತಿಗಿಂತ ಮೇಲಿನ ಶ್ರುತಿಯಲ್ಲಿ ಆ ‘ಉಸ್’ ಎಷ್ಟಿದೆ ಎಂದು ಅಳೆದು, ಕಡಿಮೆ ಉಸುಗುಡುವ ಊರಿಗೆ ಓಟು ಹಾಕುವುದು. ಮಾತಾಡುವವನು ಬಸ್ಸಿನಲ್ಲಿ ಪಾಂಡವಪುರದಿಂದ ನಾಗಮಂಗಲದ ಕಡೆಗೆ ಹೋಗುತ್ತಿದ್ದರೆ ಒಂದೇ ವಾಕ್ಯದ ನಡುವೆ ಓಟು ಬದಲಾಗಬಹುದು, ಕೇಳುವವರಿಗೆ ತಿಳಿಯುವುದೂ ಇಲ್ಲ. ದೊಡ್ಡ ಬೆಟ್ಟವೊಂದರ ಕೆಲಸವನ್ನು ನಾಲ್ಕು ಮಾಳಿಗೆಗಳು ಹಂಚಿಕೊಂಡಂತೆ. ಇದಕ್ಕೆಲ್ಲ ಸರ್ಕಾರದ ಪರವಾನಗಿ ಬೇಕೇ ಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎಲ್ಲ ಬಾಗಿಲೂ ಹೀಗೆ ತೆರೆದಿಲ್ಲ. 2001ರ ಹೊತ್ತಿಗೆ ಜಪಾನಿನ ಹವ್ಯಾಸಿಗಳ ಸಂಘ ‘ಡಿ-ಸ್ಟಾರ್’ ಎಂಬ ಅಂಕೀಯ ಪದ್ಧತಿಯನ್ನು ಪ್ರಕಟಿಸಿತು. ಮಾತು ಗಾಳಿಯಲ್ಲೇ ಅಂಕಿಗಳಾಗಿ ಹೋಗುತ್ತದೆ. ಕೊಂಡಿ ಹಾಕುವುದು ಇನ್ನೂ ಸಲೀಸು. ಪದ್ಧತಿಯ ವಿವರವೆಲ್ಲ ಬಹಿರಂಗ, ಒಂದು ಮೂಲೆಯ ಹೊರತು. ಮಾತನ್ನು ಹಿಂಡುವ ‘ಆಂಬೆ’ ಎಂಬ ಸೂತ್ರ ಒಂದು ಅಮೆರಿಕನ್ ಕಂಪೆನಿಯ ಪೇಟೆಂಟಿನ ಬೇಲಿಯೊಳಗಿತ್ತು. ಅದರ ಚಿಪ್ಪನ್ನು ಕೊಳ್ಳಬಹುದಿತ್ತು, ಒಳಗಿನದನ್ನು ನೋಡುವಂತಿರಲಿಲ್ಲ. ಗುಟ್ಟಿನ ಸಂಕೇತ ಕೂಡದೆಂಬ ಕಟ್ಟಳೆ ಇಲ್ಲಿ ನೆನಪಾಗಬೇಕು. ಕಾನೂನಿನ ಕಣ್ಣಿಗೆ ಇದು ಗುಟ್ಟಲ್ಲ, ಚಿಪ್ಪು ಯಾರಿಗಾದರೂ ಸಿಗುತ್ತದೆ. ಆದರೂ ದುಡ್ಡು ಕೊಟ್ಟವನಿಗೆ ಮಾತ್ರ ಅರ್ಥವಾಗುವ ಮಾತು ಈ ಹವ್ಯಾಸದ ಬುಡಕ್ಕೇ ಬಿದ್ದ ಏಟೆಂದು ಹಲವರು ಸಿಡಿದರು. ಸಿಡಿದದ್ದರಲ್ಲಿ ನ್ಯಾಯವಿತ್ತು. ಆಸ್ಟ್ರೇಲಿಯಾದ ಅಡಿಲೇಡಿನ ಡೇವಿಡ್ ರೋ ಅವರು ಮಾತ್ರ ಸಿಡಿಯುವ ಬದಲು ಲೆಕ್ಕ ಹಾಕಲು ಕುಳಿತರು. ಅವರ ‘ಕೋಡೆಕ್-2’ ಮಾತಿನ ಶ್ರುತಿಯನ್ನೂ ಬಾಯಿಯ ಆಕಾರವನ್ನೂ ಮಾತ್ರ ಅಂಕಿಗಳಲ್ಲಿ ಕಳಿಸಿ, ಆ ತುದಿಯಲ್ಲಿ ದನಿಯನ್ನು ಮತ್ತೆ ಕಟ್ಟುತ್ತದೆ. ಸೆಕೆಂಡಿಗೆ 3,200 ಬಿಟ್ಟಿನಿಂದ 700 ಬಿಟ್ಟಿನವರೆಗೂ ಅದನ್ನು ಇಳಿಸಬಹುದು. 700ರಲ್ಲಿ ದನಿ ತಗಡಿನ ಡಬ್ಬದೊಳಗಿಂದ ಬಂದಂತಿರುತ್ತದೆ, ಆದರೆ ಮಾತು ತಿಳಿಯುತ್ತದೆ. ಅದನ್ನೇ ಆಧಾರವಾಗಿಟ್ಟುಕೊಂಡು 2019ರಲ್ಲಿ ಪೋಲೆಂಡಿನಲ್ಲಿ ‘ಎಂ17’ ಎಂಬ ಪೂರ್ಣ ಮುಕ್ತ ಪದ್ಧತಿ ಶುರುವಾಯಿತು.

ಹ್ಯಾಮ್‌ಗಳಲ್ಲೇ ಇದಕ್ಕೆಲ್ಲ ಮೂಗು ಮುರಿಯುವವರಿದ್ದಾರೆ. ಇಂಟರ್‌ನೆಟ್ ಹೊತ್ತೊಯ್ಯುವ ಮಾತಿಗೆ ರೇಡಿಯೋ ಎಂಬ ಹೆಸರೇಕೆ ಎಂಬುದು ಅವರ ಪ್ರಶ್ನೆ. ಕ್ಯಾಮರಾನ್ ತಮ್ಮ ಜಾಲಕ್ಕೆ ಕಂಪ್ಯೂಟರಿನ ಮುಂದೆ ಕುಳಿತವರನ್ನು ಸೇರಿಸದೆ, ಎರಡೂ ತುದಿಯಲ್ಲಿ ರೇಡಿಯೋ ಇರಲೇಬೇಕೆಂದು ಹಟ ಹಿಡಿದದ್ದು ಇದೇ ಕಾರಣಕ್ಕೆ. ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. 2004ರ ಡಿಸೆಂಬರ್ 26ರ ಸುನಾಮಿಯ ದಿನ ಭಾರತಿ ಪ್ರಸಾದ್ ಅವರ ತಂಡ ಹವ್ಯಾಸಿ ಪ್ರಯೋಗವೊಂದಕ್ಕಾಗಿ ಪೋರ್ಟ್‌ಬ್ಲೇರಿನಲ್ಲಿತ್ತು. ಮಿಕ್ಕ ಸಂಪರ್ಕಗಳು ಕಡಿದುಬಿದ್ದಾಗ ವಿಯು4ಆರ್‌ಬಿಐ ಎಂಬ ಅವರ ಕರೆಸಂಕೇತದಿಂದ ಅಂಡಮಾನಿನ ಸುದ್ದಿ ಮುಖ್ಯಭೂಮಿಗೆ ಹರಿಯಿತು. ಅಲ್ಲಿ ತಂತ್ರಾಂಶದ ಕೊಂಡಿ ಇರಲಿಲ್ಲ. ಒಂದು ರೇಡಿಯೋ, ಒಂದು ಏರಿಯಲ್, ಸಣ್ಣ ಅಲೆಗಳನ್ನು ಬಗ್ಗಿಸಿ ಕಳಿಸುವ ಮೇಲಿನ ವಾಯುಮಂಡಲ, ಇಷ್ಟೇ.

ಪ್ರಶ್ನೆ ದೂರದ ದ್ವೀಪದ್ದಷ್ಟೇ ಅಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣರಾಜಸಾಗರದಿಂದ ಲಕ್ಷ ಕ್ಯೂಸೆಕ್ಕಿಗೂ ಮೀರಿ ನೀರು ಬಿಟ್ಟಾಗ ಶ್ರೀರಂಗಪಟ್ಟಣದ ಹೊಳೆದಂಡೆಯವರು ರಾತ್ರಿಯೆಲ್ಲ ಎಚ್ಚರವಿರಬೇಕಾಯಿತು. ಅಂಥ ರಾತ್ರಿ ಕಂಬ ಉರುಳಿ, ಕೇಬಲ್ ತುಂಡಾಗಿ ಇಂಟರ್‌ನೆಟ್ ಸತ್ತರೆ ಅದರ ಮೇಲೆ ನಿಂತ ಕೊಂಡಿಯೂ ಸತ್ತಂತೆ. ಬೇಕಾದ ಹೊತ್ತಿನಲ್ಲೇ ಕೈಕೊಡುವ ಜಾಲವನ್ನು ಕಟ್ಟಿ ಫಲವೇನು?

ಉತ್ತರ ತಂತ್ರಾಂಶದಲ್ಲೇ ಇದೆ, ಅದನ್ನು ಬಳಸುವವರು ಜಾಣರಾಗಿರಬೇಕು ಅಷ್ಟೆ. ತಂತ್ರಾಂಶಕ್ಕೆ ತನ್ನ ಚೂರುಗಳು ಯಾವ ದಾರಿಯಲ್ಲಿ ಹೋಗುತ್ತವೆ ಎಂಬ ಹಂಗಿಲ್ಲ. ಭಾರತದ ಹ್ಯಾಮ್‌ಗಳಿಗೆ 434ರಿಂದ 438 ಮೆಗಾಹರ್ಟ್ಸ್‌ನ ಇನ್ನೊಂದು ಪಟ್ಟಿಯೂ ಬಿಟ್ಟುಕೊಟ್ಟಿದೆ. ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ, ಮನೆಗಳ ಮೇಲೆ ಹಿಂದೆ ಟಿವಿಗಾಗಿ ಕಟ್ಟುತ್ತಿದ್ದಂಥ ಯಾಗಿ ಏರಿಯಲ್ಲನ್ನು ಗುರಿಯಿಟ್ಟು, ಈ ಪಟ್ಟಿಯಲ್ಲಿ ಕೊಂಡಿ ಹಾಕಬಹುದು. ಅದೇ ತಂತ್ರಾಂಶ ಒಂದು ಕೈಯಲ್ಲಿ ಇಂಟರ್‌ನೆಟ್ಟನ್ನೂ ಇನ್ನೊಂದು ಕೈಯಲ್ಲಿ ಗುಡ್ಡದ ಕೊಂಡಿಯನ್ನೂ ಹಿಡಿದಿರುತ್ತದೆ. ಒಂದು ಕಡಿದರೆ ಇನ್ನೊಂದು ಉಳಿಯುತ್ತದೆ. ಸಣ್ಣ ಕಂಪ್ಯೂಟರಿಗೆ ಬೇಕಾದ ವಿದ್ಯುತ್ತು ಕೆಲವೇ ವ್ಯಾಟು. ಲಾರಿಯ ಬ್ಯಾಟರಿ ಮತ್ತು ಒಂದು ಸೌರಫಲಕ ಸಾಕು. ಎರಡು ಕೊಂಡಿಗಳೂ ಒಟ್ಟಿಗೆ ತೆರೆದಿದ್ದು ಒಂದೇ ಮಾತು ಸುತ್ತಿ ಸುತ್ತಿ ಬರದಂತೆ ಮಾತ್ರ ನೋಡಿಕೊಳ್ಳಬೇಕು. ಚೆಂಡಾಟದ ಹಳೆಯ ತೊಡಕು ಇಲ್ಲಿ ಹೊಸ ವೇಷದಲ್ಲಿ ಬರುತ್ತದೆ.

ಕೊನೆಯದಾಗಿ ಭಾಷೆಯ ಮಾತು. ರಿಪೀಟರ್ ಆಗಾಗ ತಾನೇ ಬಾಯಿಬಿಡುತ್ತದೆ: ತನ್ನ ಕರೆಸಂಕೇತ, ಗಂಟೆ ಎಷ್ಟು, ಯಾವ ಊರಿನೊಡನೆ ಕೊಂಡಿ ಬಿದ್ದಿದೆ, ಎಷ್ಟು ಕೇಂದ್ರಗಳು ಸೇರಿವೆ. ಇದಕ್ಕಾಗಿ ಯಾರೋ ಒಬ್ಬರು ಓದಿಟ್ಟ ಪದಗಳ ಸಣ್ಣ ಸಣ್ಣ ತುಣುಕುಗಳು ಕಡತದಲ್ಲಿರುತ್ತವೆ. ತಂತ್ರಾಂಶ ಅವನ್ನು ಪೋಣಿಸಿ ನುಡಿಸುತ್ತದೆ. ಇಂಗ್ಲಿಷಿನಲ್ಲಿ ‘ಟ್ವೆಂಟಿ’, ‘ಒನ್’ ಎರಡನ್ನು ಪಕ್ಕಪಕ್ಕ ಇಟ್ಟರೆ ಕೆಲಸವಾಯಿತು. ಕನ್ನಡದಲ್ಲಿ ‘ಇಪ್ಪತ್ತು’, ‘ಒಂದು’ ಎಂದು ಬಿಡಿಬಿಡಿಯಾಗಿ ನುಡಿದರೆ ಅದು ಬ್ಯಾಂಕಿನಲ್ಲಿ ಟೋಕನ್ ಕೂಗಿದಂತಾದೀತೇ ಹೊರತು ಇಪ್ಪತ್ತೊಂದಾಗದು. ಸಂಧಿಯಾಗಬೇಕು. ಮೂವತ್ತೈದು, ನಲವತ್ತಾರು, ಐವತ್ತೆಂಟು, ಹೀಗೆ ಒಂದೊಂದನ್ನೂ ಇಡಿಯಾಗಿಯೇ ಓದಿಡಬೇಕು. ನೂರರ ಮೇಲೆ ಹೋದರೆ ‘ನೂರು’ ಎಂಬುದು ‘ನೂರಾ’ ಆಗುತ್ತದೆ. ಎರಡು ನೂರು ಇನ್ನೂರು, ಮೂರು ನೂರು ಮುನ್ನೂರು, ಒಂಬತ್ತು ನೂರು ಒಂಬೈನೂರು. ಗಂಟೆ ಹೇಳುವಾಗ ಹತ್ತೂವರೆ, ಒಂಬತ್ತೂ ಮುಕ್ಕಾಲು ಎನ್ನದಿದ್ದರೆ ಮಂಡ್ಯದ ಕಿವಿಗೆ ಅದು ಗಂಟೆಯೇ ಅಲ್ಲ.

ಮುಚ್ಚಿದ ತಂತ್ರಾಂಶವಾಗಿದ್ದರೆ ಕೇಶಿರಾಜನೇ ಬಂದು ಬೇಡಿದರೂ ಈ ಸಂಧಿ ಕೂಡುತ್ತಿರಲಿಲ್ಲ. ಎಸ್‌ವಿಎಕ್ಸ್‌ಲಿಂಕಿನಲ್ಲಿ ಅಂಕಿ ಓದುವ ನಿಯಮಗಳು ಮೂಲ ಯಂತ್ರದಿಂದ ಹೊರಗೆ, ಸುಲಭ ಭಾಷೆಯ ಪ್ರತ್ಯೇಕ ಕಡತಗಳಲ್ಲಿವೆ. ಪ್ರೋಗ್ರಾಮ್ ಬರೆಯುವುದನ್ನು ಹೊಸದಾಗಿ ಕಲಿಯುತ್ತಿರುವ ಎಂಜಿನಿಯರಿಂಗ್ ಹುಡುಗರೂ ಅವನ್ನು ತಿದ್ದಬಲ್ಲರು. ಆಮೇಲೆ ಉಳಿಯುವುದು ಒಂದರಿಂದ ತೊಂಬತ್ತೊಂಬತ್ತರವರೆಗೆ ಮೈಕಿನ ಮುಂದೆ ಕುಳಿತು ಒಂದೇ ಏರಿಳಿತದಲ್ಲಿ ಓದುವ ಕೆಲಸ, ಒಂದು ಮಧ್ಯಾಹ್ನದ್ದು. ಓದುವವರು ಎಪ್ಪತ್ತು ಮತ್ತು ಎಂಬತ್ತರ ಬಳಿ ಸ್ವಲ್ಪ ನಿಧಾನಿಸಬೇಕು. ದೂರದ ಹಳ್ಳದಲ್ಲಿ, ಮಳೆಯ ಸದ್ದಿನ ನಡುವೆ, ಉಸುಗುಡುವ ರೇಡಿಯೋದಲ್ಲಿ ಕೇಳುವವರಿಗೆ ಎಪ್ಪತ್ತೆರಡೂ ಎಂಬತ್ತೆರಡೂ ಒಂದೇ ರೀತಿ ಕೇಳಿಸುತ್ತವೆ. ‘ಪ್ಪ’ವನ್ನೂ ‘ಂಬ’ವನ್ನೂ ಕೊಂಚ ಒತ್ತಿಯೇ ಹೇಳಬೇಕಾಗುತ್ತದೆ.